‘ಏನೂ ಬೀಳಲಿಲ್ಲ ಸರ್’: ಆಮ್ಲ-ಪ್ರತ್ಯಾಮ್ಲ ವಿಧಾನದಲ್ಲಿ ಮಿಶ್ರಣ ಬೇರೆಯಾಗದಿದ್ದಾಗ ತಪ್ಪು ಹುಡುಕುವ ಕ್ರಮ

ಸಾವಯವ ರಸಾಯನಶಾಸ್ತ್ರದ ಪ್ರಾಯೋಗಿಕ ತರಗತಿ ಮುಗಿಯಲು ಅರ್ಧ ಗಂಟೆ ಇದೆ ಎನ್ನುವಾಗ ಯಾರಾದರೊಬ್ಬರು ಫ್ಲಾಸ್ಕ್ ಹಿಡಿದುಕೊಂಡು ಮೇಜಿನ ಬಳಿ ಬಂದು ‘ಏನೂ ಬೀಳಲಿಲ್ಲ ಸರ್’ ಎನ್ನುವುದು ವರ್ಷಕ್ಕೆ ಹತ್ತಾರು ಸಲ ನಡೆಯುವ ಸಂಗತಿ. ಆ ಫ್ಲಾಸ್ಕಿನಲ್ಲಿ ತಿಳಿಯಾದ ನೀರಿನಂತಹ ದ್ರಾವಣ ಇರುತ್ತದೆ. ಬೆಳ್ಳಗಿನ ಬೆಂಜೋಯಿಕ್ ಆಮ್ಲ ಇರಬೇಕಾದ ಜಾಗದಲ್ಲಿ ನಾಲ್ಕು ಗುಳ್ಳೆಗಳಿರುತ್ತವೆ. ‘ಉಳಿದ ಪದರ ಎಲ್ಲಿ?’ ಎಂದು ಕೇಳಿದರೆ ಸಿಂಕಿನ ಕಡೆ ಕೈ ತೋರಿಸುತ್ತಾರೆ. ಅಲ್ಲಿಗೆ ಪತ್ತೆದಾರಿ ಕೆಲಸ ಮುಗಿದಂತೆಯೇ.

ಒಂದು ಮಿಶ್ರಣದ ಮೂರು ವಸ್ತುಗಳನ್ನು ಈಥರ್ ಮತ್ತು ನೀರಿನ ಪದರಗಳಿಗೆ ಹಂಚಿ ಬೇರ್ಪಡಿಸುವ ಈ ಪ್ರಯೋಗದಲ್ಲಿ ದೋಷ ಕಣ್ಣಿಗೆ ಬೀಳುವ ಜಾಗವೂ ಅದು ಹುಟ್ಟಿದ ಜಾಗವೂ ಒಂದೇ ಆಗಿರುವುದು ಅಪರೂಪ. ದ್ರವನ ಬಿಂದುವಿನಲ್ಲಿ (ಪುಡಿ ಬಿಸಿಗೆ ಕರಗಿ ದ್ರವವಾಗುವ ಉಷ್ಣತೆ) ಕಾಣಿಸುವ ತಪ್ಪು ಬೇರ್ಪಡಿಕೆ ಆಲಿಕೆಯಲ್ಲಿ (ಬೆರೆಯದ ಎರಡು ದ್ರವಗಳನ್ನು ಬೇರೆ ಮಾಡುವ, ಕೆಳಗೆ ತಿರುಪಿರುವ ಗಾಜಿನ ಪಾತ್ರೆ) ಆಗಿರುತ್ತದೆ. ಆಲಿಕೆಯಲ್ಲಿ ಕಾಣಿಸುವ ತಪ್ಪು ಬೆಳಿಗ್ಗೆ ಸೀಸೆ ತುಂಬಿಸುವಾಗ ಆಗಿರುತ್ತದೆ. ಆದ್ದರಿಂದ ಹುಡುಕಾಟ ಹಿಮ್ಮುಖವಾಗಿ, ಒಂದು ಸಲಕ್ಕೆ ಒಂದೇ ಪರೀಕ್ಷೆಯಂತೆ ಸಾಗಬೇಕು, ಮತ್ತು ಅದಕ್ಕೆ ಪ್ರತಿಯೊಂದು ಪದರವೂ ಕೈಯಲ್ಲಿರಬೇಕು. ನನ್ನ ತರಗತಿಯಲ್ಲಿ ಫ್ಲಾಸ್ಕುಗಳಿಗೆ ಅ, ಆ, ಇ ಎಂದು ಚೀಟಿ ಅಂಟಿಸದೆ ಯಾರೂ ಆಲಿಕೆ ಮುಟ್ಟುವಂತಿಲ್ಲ. ದ್ರವನ ಬಿಂದು ಬರೆದುಕೊಳ್ಳುವವರೆಗೆ ಯಾವ ದ್ರವವೂ ಸಿಂಕಿಗೆ ಹೋಗುವಂತಿಲ್ಲ.

ಪ್ರಯೋಗ ಸರಿಯಾಗಿ ನಡೆದರೆ ಹೇಗಿರಬೇಕು

ಬೆಂಜೋಯಿಕ್ ಆಮ್ಲ, ಬೀಟಾ ನ್ಯಾಫ್ತಾಲ್ ಮತ್ತು ನ್ಯಾಫ್ತಲೀನ್ ತಲಾ 0.5 ಗ್ರಾಂನಂತೆ ಬೆರೆಸಿದ ಪುಡಿಯನ್ನು ಸುಮಾರು 30 ಮಿ.ಲೀ. ಈಥರ್‌ನಲ್ಲಿ ಕರಗಿಸಲಾಗುತ್ತದೆ. ಬೆಂಜೋಯಿಕ್ ಆಮ್ಲದ ಪಿಕೆಎ ಮೌಲ್ಯ (ಆಮ್ಲದ ಬಲದ ಅಳತೆ; ಕಡಿಮೆಯಾದಷ್ಟೂ ಆಮ್ಲ ಬಲವಾದದ್ದು) 4.2, ಬೀಟಾ ನ್ಯಾಫ್ತಾಲ್‌ನದು 9.5, ನ್ಯಾಫ್ತಲೀನ್ ಆಮ್ಲವೂ ಅಲ್ಲ, ಪ್ರತ್ಯಾಮ್ಲವೂ ಅಲ್ಲ. ಕಾರ್ಬಾನಿಕ್ ಆಮ್ಲದ ಪಿಕೆಎ ಸುಮಾರು 6.4 ಆಗಿರುವುದರಿಂದ ಸೋಡಿಯಂ ಬೈಕಾರ್ಬನೇಟ್ ಮೊದಲನೆಯದರ ಪ್ರೋಟಾನನ್ನು ಮಾತ್ರ ಕಿತ್ತುಕೊಳ್ಳಬಲ್ಲದು, ಎರಡನೆಯದರದ್ದನ್ನಲ್ಲ. ಹಾಗಾಗಿ ಮೊದಲು ಶೇ. 5ರ ಬೈಕಾರ್ಬನೇಟ್ ದ್ರಾವಣದಿಂದ ಬೆಂಜೋಯಿಕ್ ಆಮ್ಲ ತನ್ನ ಲವಣವಾದ ಬೆಂಜೋಯೇಟ್ ಆಗಿ ನೀರಿಗಿಳಿಯುತ್ತದೆ (ಫ್ಲಾಸ್ಕ್ ಅ), ಆಮೇಲೆ ಶೇ. 5ರ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ನ್ಯಾಫ್ತಾಲ್ ಇಳಿಯುತ್ತದೆ (ಫ್ಲಾಸ್ಕ್ ಆ), ಕೊನೆಗೆ ನ್ಯಾಫ್ತಲೀನ್ ಈಥರ್‌ನಲ್ಲೇ ಉಳಿಯುತ್ತದೆ (ಫ್ಲಾಸ್ಕ್ ಇ). ಮೊದಲ ಎರಡಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದರೆ ಪ್ರಕ್ಷೇಪ ಬೀಳುತ್ತದೆ. ಮೂರನೆಯದನ್ನು ಉಪ್ಪುನೀರಿನಿಂದ ತೊಳೆದು, ನಿರ್ಜಲ ಸೋಡಿಯಂ ಸಲ್ಫೇಟಿನ ಮೇಲೆ ಒಣಗಿಸಿ, ಸೋಸಿ, ಈಥರನ್ನು ಹಾರಿಸಬೇಕು.

ಈ ಮೂರನ್ನೇ ಆರಿಸಿಕೊಳ್ಳಲು ಒಂದು ಕುತಂತ್ರದ ಕಾರಣವೂ ಇದೆ. ಬೆಂಜೋಯಿಕ್ ಆಮ್ಲ 122 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬೀಟಾ ನ್ಯಾಫ್ತಾಲ್ ಕೂಡ ಹೆಚ್ಚುಕಡಿಮೆ 122ರಲ್ಲೇ ಕರಗುತ್ತದೆ. ಎರಡು ಫ್ಲಾಸ್ಕುಗಳಿಂದಲೂ ಒಂದೇ ಸಂಖ್ಯೆ ಬಂದಾಗ ವಿದ್ಯಾರ್ಥಿ ಗಲಿಬಿಲಿಗೊಳ್ಳುತ್ತಾನೆ, ಮತ್ತು ಆ ಗಲಿಬಿಲಿಯೇ ಪಾಠದ ಅರ್ಧ ಭಾಗ.

‘ಏನೂ ಬೀಳಲಿಲ್ಲ’

ಫ್ಲಾಸ್ಕ್ ಅ ತಿಳಿಯಾಗಿಯೇ ಉಳಿದರೆ ಮೊದಲು ಕೇಳಬೇಕಾದ ಪ್ರಶ್ನೆ ಹಾಕಿದ ಆಮ್ಲ ಸಾಕೇ ಎಂಬುದು. ನಮ್ಮ ಹಳೆಯ ಪ್ರಯೋಗಪಟ್ಟಿಯಲ್ಲಿ ಬೈಕಾರ್ಬನೇಟ್ ದ್ರಾವಣವನ್ನು 20 ಮಿ.ಲೀ.ನಂತೆ ಮೂರು ಸಲ ಬಳಸಬೇಕೆಂದು ಬರೆದಿತ್ತು. ಲೆಕ್ಕ ಹಾಕಿ ನೋಡಿ: ಶೇ. 5ರ ದ್ರಾವಣದ 60 ಮಿ.ಲೀ.ನಲ್ಲಿ 3 ಗ್ರಾಂ ಬೈಕಾರ್ಬನೇಟ್, ಅಂದರೆ ಸುಮಾರು 36 ಮಿಲಿಮೋಲ್ ಇರುತ್ತದೆ. 0.5 ಗ್ರಾಂ ಬೆಂಜೋಯಿಕ್ ಆಮ್ಲ ಎಂದರೆ ಬರೀ 4 ಮಿಲಿಮೋಲ್. ಬೆಂಜೋಯಿಕ್ ಆಮ್ಲ ಹೊರಬರಬೇಕಾದರೆ ಮಿಕ್ಕ ಬೈಕಾರ್ಬನೇಟ್ ಪೂರ್ತಿ ಸಾಯಬೇಕು. ಅದಕ್ಕೆ ಎರಡು ಮೋಲಾರ್ (ಲೀಟರಿಗೆ ಎರಡು ಮೋಲ್) ಹೈಡ್ರೋಕ್ಲೋರಿಕ್ ಆಮ್ಲ 18 ಮಿ.ಲೀ.ನಷ್ಟು ಬೇಕಾಗುತ್ತದೆ. ವಿದ್ಯಾರ್ಥಿ ಸಾಮಾನ್ಯವಾಗಿ ಹಾಕುವುದು ಐದು ಮಿ.ಲೀ. ಅಷ್ಟಕ್ಕೇ ಬುಸುಬುಸು ನೊರೆ ಬರುವುದರಿಂದ ಕ್ರಿಯೆ ಮುಗಿಯಿತೆಂದು ಭಾವಿಸಿ ಕಾಯುತ್ತಾ ನಿಲ್ಲುತ್ತಾನೆ.

‘ಲಿಟ್ಮಸ್ ಕೆಂಪಾಯಿತಲ್ಲ ಸರ್’ ಎನ್ನುವವರೂ ಇದ್ದಾರೆ, ಅವರು ಸುಳ್ಳು ಹೇಳುತ್ತಿಲ್ಲ. ಬೈಕಾರ್ಬನೇಟ್ ಮುಗಿಯುವ ಹಂತದಲ್ಲಿ ದ್ರಾವಣದ ತುಂಬ ಕರಗಿದ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಪಿಎಚ್ ಐದರ ಆಸುಪಾಸಿನಲ್ಲಿ ನಿಂತಿರುತ್ತದೆ. ಅಷ್ಟಕ್ಕೆ ಲಿಟ್ಮಸ್ ಕಾಗದ ಕೆಂಪಗೆ ತಿರುಗಿಬಿಡುತ್ತದೆ. ಆದರೆ ಪಿಎಚ್ 5ರಲ್ಲಿ ಬೆಂಜೋಯಿಕ್ ಆಮ್ಲದ ಏಳನೇ ಒಂದು ಭಾಗ ಮಾತ್ರ ಆಮ್ಲದ ರೂಪದಲ್ಲಿದ್ದು ಉಳಿದದ್ದೆಲ್ಲ ಲವಣವಾಗಿಯೇ ಕರಗಿರುತ್ತದೆ, ಮತ್ತು ಆ ಏಳನೇ ಒಂದು ಭಾಗವನ್ನು ನೀರು ತಾನೇ ಹಿಡಿದಿಟ್ಟುಕೊಳ್ಳಬಲ್ಲದು. ಆದ್ದರಿಂದ ಇಲ್ಲಿ ಲಿಟ್ಮಸ್ ನಂಬಬಾರದು. ಪಿಎಚ್ ಕಾಗದದಲ್ಲಿ 2 ಕಾಣುವವರೆಗೆ, ಅಥವಾ ಕಾಂಗೋ ರೆಡ್ ಕಾಗದ ಸ್ಪಷ್ಟವಾಗಿ ನೀಲಿಯಾಗುವವರೆಗೆ ಹನಿ ಹನಿಯಾಗಿ ಆಮ್ಲ ಸೇರಿಸಬೇಕು.

ಪಿಎಚ್ 2ಕ್ಕೆ ಇಳಿದ ಮೇಲೂ ತಿಳಿಯಾಗಿಯೇ ಇದ್ದರೆ ಅಥವಾ ಎರಡು ಎಳೆ ಸೂಜಿಯಷ್ಟೇ ಬಂದರೆ, ಎರಡನೆಯ ಪ್ರಶ್ನೆ ಒಟ್ಟು ದ್ರಾವಣ ಎಷ್ಟಿದೆ ಎಂಬುದು. ಬೆಂಜೋಯಿಕ್ ಆಮ್ಲ ನೀರಿನಲ್ಲಿ ಕರಗುವುದಿಲ್ಲ ಎಂದು ನಾವೇ ಪಾಠದಲ್ಲಿ ಹೇಳಿರುತ್ತೇವೆ, ಅದು ಅರ್ಧಸತ್ಯ. 30 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 4 ಗ್ರಾಂ ಕರಗುತ್ತದೆ, ಸೊನ್ನೆ ಡಿಗ್ರಿಯಲ್ಲಿ 1.7 ಗ್ರಾಂ. ಆಮ್ಲವೂ ಸೇರಿ 80 ಮಿ.ಲೀ. ಆದ ದ್ರಾವಣ ಏಪ್ರಿಲ್ ತಿಂಗಳ ಮೇಜಿನ ಮೇಲೆ ಕುಳಿತಿದ್ದರೆ ಅದು 0.32 ಗ್ರಾಂ ಆಮ್ಲವನ್ನು ನುಂಗಿಕೊಂಡು ಸುಮ್ಮನಿರುತ್ತದೆ. ಕೈಗೆ ಸಿಗುವುದು 0.18 ಗ್ರಾಂ, ಅದೂ ಪೂರ್ತಿ ಇಳಿದರೆ. ಅದೇ ಫ್ಲಾಸ್ಕನ್ನು ಮಂಜುಗಡ್ಡೆಯಲ್ಲಿ ಇಪ್ಪತ್ತು ನಿಮಿಷ ಇಟ್ಟು, ಒಳಗೋಡೆಯನ್ನು ಗಾಜಿನ ಕಡ್ಡಿಯಿಂದ ಉಜ್ಜಿದರೆ ನಷ್ಟ 0.14 ಗ್ರಾಂಗೆ ಇಳಿಯುತ್ತದೆ. ಮೂಲ ಪರಿಹಾರ ಇನ್ನೂ ಸರಳ: ಬೈಕಾರ್ಬನೇಟನ್ನು 10 ಮಿ.ಲೀ.ನಂತೆ ಮೂರೇ ಸಲ ಬಳಸಿ, ಆಮ್ಲೀಕರಣಕ್ಕೆ ಸಾರರಿಕ್ತ (ತೆಳು) ಆಮ್ಲದ ಬದಲು ಸಾರಯುಕ್ತ (ನೀರು ಬೆರೆಸದ) ಆಮ್ಲವನ್ನು ಹನಿಗೊಳವೆಯಿಂದ ನಿಧಾನವಾಗಿ ಹಾಕಿದರೆ ಒಟ್ಟು ದ್ರಾವಣ 32 ಮಿ.ಲೀ. ದಾಟುವುದಿಲ್ಲ, ಮಂಜುಗಡ್ಡೆಯಲ್ಲಿಟ್ಟಾಗ ನಷ್ಟ 0.05 ಗ್ರಾಂನಷ್ಟೇ. ಹೀಗೆ ಮಾಡಿದರೂ ಬೈಕಾರ್ಬನೇಟ್ ಬೇಕಾದುದಕ್ಕಿಂತ ನಾಲ್ಕು ಪಟ್ಟು ಹೆಚ್ಚೇ ಇರುತ್ತದೆ. ಪಟ್ಟಿಯಲ್ಲಿ 20 ಎಂದು ಯಾರು, ಯಾವಾಗ ಬರೆದರೋ, ಅದನ್ನು ಪ್ರಶ್ನಿಸದೆ ನಾನೂ ಕೆಲವು ವರ್ಷ ಕಲಿಸಿದ್ದೇನೆ.

ಮೂರನೆಯ ಕಾರಣ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ನೀರಿನ ಪದರದಲ್ಲಿ ಶೇ. 6-7ರಷ್ಟು ಈಥರ್ ಕರಗಿರುತ್ತದೆ, ಮತ್ತು ಅದು ಬೆಂಜೋಯಿಕ್ ಆಮ್ಲವನ್ನು ದ್ರಾವಣದಲ್ಲೇ ಹಿಡಿದಿಡುತ್ತದೆ. ಕೆಲವೊಮ್ಮೆ ಪುಡಿಯ ಬದಲು ಅಂಟಂಟು ಮುದ್ದೆ ಬೀಳುವುದೂ ಇದರಿಂದಲೇ. ಆಮ್ಲ ಹಾಕುವ ಮೊದಲು ಫ್ಲಾಸ್ಕ್ ಅ ಅನ್ನು ಬಿಸಿನೀರಿನ ತಟ್ಟೆಯಲ್ಲಿ, ಹತ್ತಿರದಲ್ಲಿ ಯಾವ ಬರ್ನರೂ ಉರಿಯದಿರುವಾಗ, ಈಥರಿನ ವಾಸನೆ ಹೋಗುವವರೆಗೆ ಬೆಚ್ಚಗೆ ಮಾಡಿದರೆ ಸಾಕು.

ಇಷ್ಟಾದರೂ ಏನೂ ಇಲ್ಲವೆಂದರೆ ಆಮ್ಲ ಹಾಕಿದ್ದು ನೀರಿನ ಪದರಕ್ಕೇ ಅಲ್ಲದಿರಬಹುದು. ಸಂಶಯವಿದ್ದರೆ ಪರೀಕ್ಷಾನಳಿಕೆಯಲ್ಲಿ ಸ್ವಲ್ಪ ನೀರು ತೆಗೆದುಕೊಂಡು ಆ ದ್ರವದ ಒಂದು ಹನಿ ಬಿಡಿ. ಬೆರೆತರೆ ಅದು ನೀರಿನ ಪದರ, ತೇಲಿದರೆ ಈಥರ್. ಈಥರಿನ ಸಾಂದ್ರತೆ 0.71, ಹಾಗಾಗಿ ಅದು ಮೇಲೆ ನಿಲ್ಲುತ್ತದೆ. ಡೈಕ್ಲೋರೋಮೀಥೇನ್ ಬಳಸುವ ಕಡೆ ಅದರ ಸಾಂದ್ರತೆ 1.33 ಆಗಿರುವುದರಿಂದ ಕ್ರಮ ತಲೆಕೆಳಗಾಗುತ್ತದೆ, ಮತ್ತು ಕಳೆದ ವಾರ ಈಥರಿನಲ್ಲಿ ಪಳಗಿದ ಕೈ ಈ ವಾರ ತಪ್ಪು ಪದರವನ್ನು ಚೆಲ್ಲುತ್ತದೆ.

‘ಪುಡಿ ಬಂತು, ಆದರೆ ದ್ರವನ ಬಿಂದು ಕಡಿಮೆ’

ಇದರಲ್ಲಿ ನನಗೆ ಬುದ್ಧಿ ಕಲಿಸಿದ ಒಂದು ಘಟನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಾನು ಕೆಲಸ ಮಾಡುತ್ತಿದ್ದ ಕಾಲೇಜಿನಲ್ಲಿ ಒಂದು ಮಧ್ಯಾಹ್ನ ಇಡೀ ತಂಡದ ಫ್ಲಾಸ್ಕ್ ಅ ಪುಡಿ 108ರಿಂದ 116 ಡಿಗ್ರಿಯ ನಡುವೆ ಎಳೆದಾಡಿಕೊಂಡು ಕರಗಿತು. ಒಬ್ಬಿಬ್ಬರದಾಗಿದ್ದರೆ ತೊಳೆದದ್ದು ಸಾಲದು, ಒಣಗಿದ್ದು ಸಾಲದು ಎನ್ನಬಹುದಿತ್ತು. ಎಲ್ಲರದೂ ಒಂದೇ ರೀತಿ ತಪ್ಪಿದಾಗ ತಪ್ಪು ಎಲ್ಲರಿಗೂ ಸಮಾನವಾದ ಯಾವುದೋ ವಸ್ತುವಿನಲ್ಲಿ ಇರಬೇಕು. ಮೊದಲು ಥರ್ಮಾಮೀಟರುಗಳನ್ನು ಸಂಶಯಿಸಿದೆ; ಸೀಸೆಯಿಂದ ನೇರವಾಗಿ ತೆಗೆದ ಶುದ್ಧ ಬೆಂಜೋಯಿಕ್ ಆಮ್ಲ ಅದೇ ಉಪಕರಣದಲ್ಲಿ 121-122ರಲ್ಲಿ ಚುರುಕಾಗಿ ಕರಗಿತು. ಆಮೇಲೆ ವಿದ್ಯಾರ್ಥಿಗಳ ಪುಡಿಯನ್ನು ಸೂಕ್ಷ್ಮವಾಗಿ ನೋಡಿದಾಗ ಅಚ್ಚ ಬಿಳಿಯಾಗಿರದೆ ಚೂರು ಗುಲಾಬಿ ಛಾಯೆಯಲ್ಲಿರುವುದು ಕಂಡಿತು. ಚಿಟಿಕೆಯಷ್ಟನ್ನು ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕರಗಿಸಿ, ಮಂಜುಗಡ್ಡೆಯಲ್ಲಿ ತಯಾರಿಸಿದ ಅನಿಲೀನ್ ಡಯಜೋನಿಯಂ ದ್ರಾವಣ ಹಾಕಿದರೆ ಕಿತ್ತಳೆಗೆಂಪು ಬಣ್ಣ ಎದ್ದಿತು. ಬೆಂಜೋಯಿಕ್ ಆಮ್ಲ ಹಾಗೆ ಬಣ್ಣ ಕೊಡುವುದಿಲ್ಲ; ಕೊಡುವುದು ಬೀಟಾ ನ್ಯಾಫ್ತಾಲ್.

ನ್ಯಾಫ್ತಾಲ್ ಬೈಕಾರ್ಬನೇಟಿಗೆ ಇಳಿಯುವುದಿಲ್ಲ ಎಂದು ಕಪ್ಪುಹಲಗೆಯ ಮೇಲೆ ನಾನೇ ಬರೆದಿದ್ದೆ. ಹಾಗಾದರೆ ಸೀಸೆಯಲ್ಲಿ ಇದ್ದದ್ದು ಬೈಕಾರ್ಬನೇಟೇ ಹೌದೇ? ಪ್ರತ್ಯಾಮ್ಲದಲ್ಲಿ ಕೆಂಪೇರುವ ಸೂಚಕವಾದ ಫೀನಾಲ್ಫ್ತಲೀನ್ ಒಂದು ಹನಿ ಹಾಕಿದೆ. ತಾಜಾ ಬೈಕಾರ್ಬನೇಟ್ ದ್ರಾವಣದ ಪಿಎಚ್ 8.3ರ ಸುತ್ತ ಇರುವುದರಿಂದ ಅದು ಬಣ್ಣವಿಲ್ಲದೆ ಉಳಿಯಬೇಕು, ಹೆಚ್ಚೆಂದರೆ ನಸುಗುಲಾಬಿ ಆಗಬೇಕು. ನಮ್ಮ ಸೀಸೆ ಬೀಟ್‌ರೂಟ್ ಸಾರಿನಂತೆ ಕೆಂಪೇರಿತು. ವಿಚಾರಿಸಿದಾಗ ಗೊತ್ತಾಯಿತು: ಪುಡಿ ತಣ್ಣೀರಿನಲ್ಲಿ ನಿಧಾನವಾಗಿ ಕರಗುತ್ತಿತ್ತೆಂದು ಪ್ರಯೋಗಾಲಯದ ಸಹಾಯಕರು ಹಿಂದಿನ ದಿನ ಅದನ್ನು ಕುದಿಸಿ ಕರಗಿಸಿದ್ದರು. ಕುದಿಸಿದಾಗ ಬೈಕಾರ್ಬನೇಟ್ ಇಂಗಾಲದ ಡೈಆಕ್ಸೈಡನ್ನು ಕಳೆದುಕೊಂಡು ಕಾರ್ಬನೇಟ್ ಆಗುತ್ತದೆ. ಅಡುಗೆ ಸೋಡಾ ವಾಷಿಂಗ್ ಸೋಡಾ ಆಗುವುದು ಎಂದರೂ ಸರಿಯೇ. ಕಾರ್ಬನೇಟ್ ದ್ರಾವಣದ ಪಿಎಚ್ 11ರ ಹತ್ತಿರ ಇರುತ್ತದೆ, ನ್ಯಾಫ್ತಾಲ್‌ನ ಪಿಕೆಎಗಿಂತ ಅದು ಮೇಲೆ. ನ್ಯಾಫ್ತಾಲ್‌ಗೆ ಈಥರಿನ ಮೇಲಿನ ಒಲವು ಬಲವಾಗಿರುವುದರಿಂದ ಪೂರ್ತಿ ಇಳಿಯಲಿಲ್ಲ. ಇಳಿದಷ್ಟು ಸ್ವಲ್ಪವೇ ದ್ರವನ ಬಿಂದುವನ್ನು ಕೆಡಿಸಲು ಸಾಕಾಯಿತು.

ಇಲ್ಲಿ ಎರಡೂ ಸಂಯುಕ್ತಗಳ ದ್ರವನ ಬಿಂದು ಒಂದೇ ಎಂಬುದನ್ನು ಮತ್ತೆ ನೆನಪಿಗೆ ತಂದುಕೊಳ್ಳಬೇಕು. 122ರಲ್ಲಿ ಕರಗುವುದಕ್ಕೆ 122ರಲ್ಲಿ ಕರಗುವುದನ್ನು ಬೆರೆಸಿದರೆ 122ರಲ್ಲೇ ಕರಗಬೇಕಲ್ಲವೇ ಎಂದು ಆ ದಿನ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಆಕೆಗೆ ಎರಡೂ ಶುದ್ಧ ಪುಡಿಗಳನ್ನು ಸಮಪಾಲು ಅರೆದು ಕೊಳವೆಗೆ ತುಂಬಿ ನೋಡಲು ಹೇಳಿದೆ. ಅದು ನೂರು ಡಿಗ್ರಿ ತಲುಪುವ ಮೊದಲೇ ಒದ್ದೆಯಾಗತೊಡಗಿತು. ಒಂದರ ಸ್ಫಟಿಕ ಜೋಡಣೆಗೆ ಇನ್ನೊಂದು ಬರೀ ಕಲ್ಮಶ, ಅದರ ಸ್ವಂತ ದ್ರವನ ಬಿಂದು ಎಷ್ಟಿದ್ದರೂ ಅಷ್ಟೇ. ಮಿಶ್ರ ದ್ರವನ ಬಿಂದು ಪರೀಕ್ಷೆಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಜೋಡಿ ನನಗೆ ಗೊತ್ತಿಲ್ಲ. ಅ ಮತ್ತು ಆ ಪುಡಿಗಳು ನಿಜಕ್ಕೂ ಬೇರೆ ಬೇರೆಯೇ ಎಂಬ ಸಂಶಯ ಬಂದಾಗಲೆಲ್ಲ ಇದೇ ಪರೀಕ್ಷೆ ಮಾಡಿಸಬೇಕು: ಬೆರೆಸಿದ್ದು ಕುಸಿದರೆ ಬೇರೆ, ಕುಸಿಯದಿದ್ದರೆ ಒಂದೇ.

ಒಬ್ಬರ ಫ್ಲಾಸ್ಕಿನಲ್ಲಿ ಮಾತ್ರ ದ್ರವನ ಬಿಂದು ಕೆಟ್ಟಿದ್ದರೆ ಕಾರಣ ಬೇರೆ ಇರುತ್ತದೆ. ಫ್ಲಾಸ್ಕ್ ಅ ಪುಡಿ ಒಂದು ಗ್ರಾಂ ಹತ್ತಿರ ತೂಗಿ, ಫ್ಲಾಸ್ಕ್ ಆ ಖಾಲಿಯಾಗಿದ್ದರೆ ಆ ವಿದ್ಯಾರ್ಥಿ ಮೊದಲು ಹಾಕಿದ್ದು ಹೈಡ್ರಾಕ್ಸೈಡ್. ಅದು ಎರಡನ್ನೂ ಒಟ್ಟಿಗೆ ಎಳೆದುಕೊಂಡಿದೆ. ಇದಕ್ಕೆ ಪ್ರಯೋಗವನ್ನು ಮೊದಲಿಂದ ಮಾಡಬೇಕಿಲ್ಲ, ಆ ಪುಡಿಯನ್ನೇ ಮತ್ತೆ ಈಥರಿನಲ್ಲಿ ಕರಗಿಸಿ ಬೈಕಾರ್ಬನೇಟಿನಿಂದ ಶುರುಮಾಡಿದರೆ ಆಯಿತು. ಹೊರಗೆ ಒಣಗಿದಂತೆ ಕಂಡು ಒಳಗೆ ತೇವ ಉಳಿದ ಪುಡಿಯೂ ಮೊದಲೇ ಬೆವರಿ ಕೆಳಗೆ ಕರಗುತ್ತದೆ. ಸೋಸುಕಾಗದಗಳ ನಡುವೆ ಒತ್ತಿ, ಮರುದಿನ ನೋಡುವುದು ಉತ್ತಮ.

‘ಕರಗುವುದೇ ಇಲ್ಲ’

200 ಡಿಗ್ರಿ ದಾಟಿದರೂ ಕೊಳವೆಯೊಳಗಿನ ಬಿಳಿ ಪುಡಿ ಅಲುಗದಿದ್ದರೆ ಅದು ನಮ್ಮ ಮೂರರಲ್ಲಿ ಯಾವುದೂ ಅಲ್ಲ. ಸ್ಪ್ಯಾಚುಲಾ ತುದಿಯಲ್ಲಿ ಚೂರು ಹಿಡಿದು ಜ್ವಾಲೆಗೆ ಒಡ್ಡಿ: ಸಾವಯವ ವಸ್ತುವಾದರೆ ಹೊಗೆಯಾಡಿ ಉರಿದು ಹೋಗುತ್ತದೆ, ಲವಣವಾದರೆ ಬೂದಿಯಂತೆ ಉಳಿದು ಜ್ವಾಲೆಯನ್ನು ಸೋಡಿಯಂನ ಹಳದಿಗೆ ತಿರುಗಿಸುತ್ತದೆ. ಫ್ಲಾಸ್ಕ್ ಅ ಅಥವಾ ಆ ಆಗಿದ್ದರೆ ಅದು ಅಡುಗೆ ಉಪ್ಪು. ಸೋಸುವ ಬದಲು ದ್ರಾವಣವನ್ನೇ ಬತ್ತಿಸಿದ್ದಾರೆ, ಇಲ್ಲವೇ ಸೋಸಿದ ಮೇಲೆ ತಣ್ಣೀರಿನಿಂದ ತೊಳೆದಿಲ್ಲ. ಫ್ಲಾಸ್ಕ್ ಇ ಆಗಿದ್ದರೆ ಒಣಗಿಸಲು ಹಾಕಿದ ಸೋಡಿಯಂ ಸಲ್ಫೇಟನ್ನು ಸೋಸದೆಯೇ ಈಥರ್ ಹಾರಿಸಿದ್ದಾರೆ. ಶೇ. 130ರಷ್ಟು ಇಳುವರಿ ಬಂತೆಂದು ಸಂತೋಷದಿಂದ ಬರೆದುಕೊಂಡು ಬರುವವರ ಕಥೆಯೂ ಹೆಚ್ಚಾಗಿ ಇದೇ.

ಆಲಿಕೆಯಲ್ಲಿ ಪದರವೇ ಮೂಡದಿದ್ದರೆ

ಹೈಡ್ರಾಕ್ಸೈಡ್ ಹಾಕಿ ಬಲವಾಗಿ ಕುಲುಕಿದಾಗ ಎರಡು ಪದರಗಳ ನಡುವೆ ಮಜ್ಜಿಗೆ ಕಡೆದಾಗಿನ ನೊರೆಯಂತಹ ಎಮಲ್ಷನ್ ನಿಲ್ಲುತ್ತದೆ. ಕುಲುಕುವುದನ್ನು ಕಲಿಸುವಾಗ ‘ಚೆನ್ನಾಗಿ ಕುಲುಕಿ’ ಎನ್ನುವ ಬದಲು ಆಲಿಕೆಯನ್ನು ತಿರುಗಿಸಿ ಮುರುಗಿಸಿ ಹತ್ತು ಹದಿನೈದು ಸಲ ಮೆಲ್ಲಗೆ ಓಲಾಡಿಸಿ ಎಂದು ತೋರಿಸಿದರೆ ಇದರ ಬಹುಪಾಲು ತಪ್ಪುತ್ತದೆ. ಎಮಲ್ಷನ್ ಆಗಿಹೋಗಿದ್ದರೆ ಮೊದಲು ಐದು ನಿಮಿಷ ಸುಮ್ಮನೆ ಬಿಡಿ. ಆಮೇಲೆ ಸ್ವಲ್ಪ ಪರ್ಯಾಪ್ತ ಉಪ್ಪುನೀರು ಸೇರಿಸಿ ನಿಧಾನವಾಗಿ ಸುತ್ತಿಸಿ. ಉಪ್ಪು ನೀರಿನ ಪದರದ ಸಾಂದ್ರತೆಯನ್ನು ಏರಿಸುವುದಲ್ಲದೆ ಅದರಲ್ಲಿ ಕರಗಿದ ಈಥರನ್ನೂ ಹೊರದೂಡುತ್ತದೆ. ಅದಕ್ಕೂ ಬಗ್ಗದಿದ್ದರೆ ಹತ್ತಿಯ ತೆಳು ಪದರದ ಮೂಲಕ ಸೋಸಿ ಮತ್ತೆ ಆಲಿಕೆಗೆ ಸುರಿಯಬಹುದು.

ಕೆಳಗಿನ ತಿರುಪು ಪೂರ್ತಿ ತೆರೆದರೂ ದ್ರವ ಇಳಿಯುತ್ತಿಲ್ಲ ಎಂದರೆ ಮೇಲಿನ ಬಿರಡೆ ತೆಗೆದಿಲ್ಲ. ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ, ಆದರೆ ಪ್ರತಿ ತಂಡದಲ್ಲೂ ಒಬ್ಬರಿಗೆ ಇದನ್ನು ಹೇಳಬೇಕಾಗುತ್ತದೆ. ಬಿರಡೆ ತಾನಾಗಿ ಹಾರುವುದು ಇದಕ್ಕೆ ತದ್ವಿರುದ್ಧವಾದ ದೋಷ: ಬೈಕಾರ್ಬನೇಟ್ ಹಂತದಲ್ಲಿ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಈಥರ್ ಆವಿಯೂ ಅದಕ್ಕೆ ಜೊತೆಯಾಗುತ್ತದೆ. ಮೊದಲ ಎರಡು ಸಲ ಬಿರಡೆಯಿಲ್ಲದೆ ಸುತ್ತಿಸಿ, ನೊರೆ ಇಳಿದ ಮೇಲಷ್ಟೇ ಮುಚ್ಚಿ, ಪ್ರತಿ ಸಲವೂ ಆಲಿಕೆಯ ಕೊಕ್ಕನ್ನು ಮೇಲಕ್ಕೆ, ಯಾರ ಮುಖಕ್ಕೂ ತಾಗದ ಕಡೆಗೆ ಹಿಡಿದು ಒತ್ತಡ ಬಿಡಬೇಕು.

ಈಥರಿನ ಪದರ ಒಂದೊಂದು ಸಲಕ್ಕೂ ಸಣ್ಣದಾಗುತ್ತಿದೆ ಎಂಬ ದೂರು ನಮ್ಮ ರಾಜ್ಯದಲ್ಲಿ ಊರನ್ನು ಅವಲಂಬಿಸಿದೆ. ಈಥರ್ ಕುದಿಯುವುದು 34.6 ಡಿಗ್ರಿಯಲ್ಲಿ. ಬೇಸಿಗೆಯಲ್ಲಿ 40 ದಾಟುವ ಕಲಬುರಗಿ, ರಾಯಚೂರಿನ ಕಡೆ ತಣಿಸದ ಕೋಣೆಯಲ್ಲಿ ಅದನ್ನು ಆಲಿಕೆಗೆ ಸುರಿಯುವುದೆಂದರೆ ಕುದಿಯುವ ದ್ರಾವಕವನ್ನು ಮುಚ್ಚಿದ ಗಾಜಿನಲ್ಲಿ ಕುಲುಕಿದಂತೆ. ಅಂಥಲ್ಲಿ ಈಥೈಲ್ ಅಸಿಟೇಟ್ ಬಳಸುವುದು ಲೇಸು. ಅದರ ಕುದಿಬಿಂದು 77. ಆದರೆ ಅದನ್ನು ಹೈಡ್ರಾಕ್ಸೈಡಿನೊಂದಿಗೆ ಬಹಳ ಹೊತ್ತು ಬಿಟ್ಟರೆ ಅದೇ ಒಡೆದು ಅಸಿಟೇಟ್ ಆಗುತ್ತದೆ, ಫ್ಲಾಸ್ಕ್ ಆಗೆ ಆಮ್ಲ ಹಾಕಿದಾಗ ವಿನೆಗರ್ ವಾಸನೆ ಬರುತ್ತದೆ. ದ್ರಾವಣಗಳನ್ನು ತಣ್ಣಗಿಟ್ಟುಕೊಂಡು ಬೇಗ ಬೇರ್ಪಡಿಸಿದರೆ ತೊಂದರೆಯಿಲ್ಲ.

ನ್ಯಾಫ್ತಲೀನ್ ಎಲ್ಲಿ ಹೋಯಿತು?

ಬಟ್ಟೆಯ ಪೆಟ್ಟಿಗೆಯಲ್ಲಿಟ್ಟ ನುಸಿಗುಳಿಗೆ ತಿಂಗಳು ಕಳೆದಂತೆ ಸವೆಯುವುದನ್ನು ಎಲ್ಲರೂ ನೋಡಿದ್ದಾರೆ, ಆದರೂ ಫ್ಲಾಸ್ಕ್ ಇ ಅನ್ನು ನೀರಿನ ತಟ್ಟೆಯ ಮೇಲೆ ಇಟ್ಟು ಮರೆಯುತ್ತಾರೆ. ಈಥರ್ ಹೋದ ಮೇಲೂ ಬಿಸಿ ಮುಂದುವರಿದರೆ ನ್ಯಾಫ್ತಲೀನ್ ಉತ್ಪತನ ಹೊಂದಿ (ದ್ರವವಾಗದೆ ನೇರ ಆವಿಯಾಗಿ) ಫ್ಲಾಸ್ಕಿನ ಕತ್ತಿನಲ್ಲಿ ಹೊಳೆಯುವ ತೆಳು ಹಾಳೆಗಳಾಗಿ ಅಂಟಿಕೊಂಡಿರುತ್ತದೆ. ಕೆಲವು ಸಲ ಕೋಣೆಯ ವಾಸನೆಯೇ ಇಳುವರಿಯ ಲೆಕ್ಕ ಹೇಳುತ್ತದೆ. ಕತ್ತಿನಲ್ಲಿದ್ದುದನ್ನು ಕೆರೆದು ತೂಗಿಸಬಹುದು. ಇನ್ನು ಮುಂದೆ ಆಗದಂತೆ, ಈಥರ್ ಬಹುಪಾಲು ಹೋದೊಡನೆ ಕೆಳಗಿಳಿಸಿ ಉಳಿದುದನ್ನು ಹೊಗೆಗೂಡಿನ ಗಾಳಿಗೆ ಬಿಡಬೇಕು. ಈಥರ್ ಪೂರ್ತಿ ಹೋಗದಿದ್ದರೆ ಮಾತ್ರ 80ರಲ್ಲಿ ಕರಗಬೇಕಾದದ್ದು ಎಪ್ಪತ್ತರ ಆಚೀಚೆಯೇ ಜಿನುಗತೊಡಗುತ್ತದೆ.

ಉಪಕರಣದ ತಪ್ಪು, ತೆಳುಪದರದ ಸಾಕ್ಷಿ

ಮೇಲಿನ ಎಲ್ಲವನ್ನೂ ನೋಡಿದ ಮೇಲಷ್ಟೇ ಥರ್ಮಾಮೀಟರನ್ನು ದೂಷಿಸಬೇಕು; ವಿದ್ಯಾರ್ಥಿಗಳು ಅಲ್ಲಿಂದಲೇ ಶುರುಮಾಡುತ್ತಾರೆ. ನಿರೀಕ್ಷಿತ ಬಿಂದುವಿಗೆ ಇಪ್ಪತ್ತು ಡಿಗ್ರಿ ಇರುವಾಗಿನಿಂದ ನಿಮಿಷಕ್ಕೆ ಒಂದೆರಡು ಡಿಗ್ರಿಗಿಂತ ವೇಗವಾಗಿ ಬಿಸಿ ಮಾಡಿದರೆ ವ್ಯಾಪ್ತಿ ಸುಮ್ಮನೆ ಹಿಗ್ಗುತ್ತದೆ. ಕೊಳವೆಯಲ್ಲಿ ಪುಡಿ ಎರಡು ಮೂರು ಮಿಲಿಮೀಟರಿಗಿಂತ ಎತ್ತರ ಇರಬಾರದು, ಗಟ್ಟಿಯಾಗಿ ಕೂತಿರಬೇಕು. ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿ ಪರೀಕ್ಷಿಸುವವರು ತಾವೆಲ್ಲಿದ್ದೇವೆ ಎಂಬುದನ್ನು ಮರೆಯಬಾರದು: ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ, ಮಂಗಳೂರಿನಲ್ಲಿ ಮಾತ್ರ ನೂರಕ್ಕೆ. 97 ತೋರಿಸಿತೆಂದು ಒಳ್ಳೆಯ ಥರ್ಮಾಮೀಟರಿನ ಮೇಲೆ ‘ಮೂರು ಡಿಗ್ರಿ ಕಡಿಮೆ’ ಎಂದು ಚೀಟಿ ಅಂಟಿಸಿದ್ದನ್ನು ನಾನು ಕಂಡಿದ್ದೇನೆ. ಶುದ್ಧ ನ್ಯಾಫ್ತಲೀನ್ ಮತ್ತು ಶುದ್ಧ ಬೆಂಜೋಯಿಕ್ ಆಮ್ಲಗಳೇ ಅಳತೆಗೋಲಾಗಿ ಇದಕ್ಕಿಂತ ನಂಬಿಕಸ್ಥ.

ಮೂರು ಫ್ಲಾಸ್ಕುಗಳ ಶುದ್ಧತೆಯನ್ನು ಒಂದೇ ನೋಟದಲ್ಲಿ ಹೇಳಬಲ್ಲದ್ದು ಸಿಲಿಕಾ ತೆಳುಪದರದ ವರ್ಣರೇಖನ (ಟಿಎಲ್‌ಸಿ), ಅಂದರೆ ತಟ್ಟೆಯ ಮೇಲೆ ದ್ರಾವಕ ಏರುವಾಗ ಒಂದೊಂದು ವಸ್ತು ಒಂದೊಂದು ಎತ್ತರಕ್ಕೆ ಓಡುವುದನ್ನು ನೋಡುವ ಪರೀಕ್ಷೆ. ಒಂದೇ ತಟ್ಟೆಯ ಮೇಲೆ ಮೂಲ ಮಿಶ್ರಣ, ಅ, ಆ, ಇ ಎಂದು ನಾಲ್ಕು ಚುಕ್ಕೆ ಇಟ್ಟು ಹೆಕ್ಸೇನ್ ಮತ್ತು ಈಥೈಲ್ ಅಸಿಟೇಟ್ ಮಿಶ್ರಣದಲ್ಲಿ ಏರಿಸಿ, 254 ನ್ಯಾನೋಮೀಟರ್ ಅತಿನೇರಳೆ ದೀಪದಡಿ ನೋಡಿದರೆ ನ್ಯಾಫ್ತಲೀನ್ ಎಲ್ಲಕ್ಕಿಂತ ಮೇಲೆ ಓಡಿರುತ್ತದೆ. ಚುಕ್ಕೆಗಳೇ ಕಾಣದಿದ್ದರೆ ಜಾಡಿಯೊಳಗಿನ ದ್ರಾವಕದ ಮಟ್ಟ ಚುಕ್ಕೆಗಿಂತ ಮೇಲಿದ್ದು ಎಲ್ಲವೂ ಅದರಲ್ಲಿ ತೊಳೆದುಹೋಗಿರಬಹುದು. ಆರಂಭದ ಗೆರೆಯೇ ಮೇಲೇರಿದ್ದರೆ ಅದನ್ನು ಪೆನ್ನಿನಲ್ಲಿ ಎಳೆದಿದ್ದಾರೆ; ಪೆನ್ಸಿಲ್ ಬೇಕು. ಬೆಂಜೋಯಿಕ್ ಆಮ್ಲ ಚುಕ್ಕೆಯಾಗದೆ ಧೂಮಕೇತುವಿನ ಬಾಲದಂತೆ ಎಳೆದುಕೊಂಡರೆ ಅದು ಅಶುದ್ಧತೆಯಲ್ಲ, ಆಮ್ಲವು ಸಿಲಿಕಾಕ್ಕೆ ಅಂಟಿಕೊಳ್ಳುವ ಸ್ವಭಾವ. ದ್ರಾವಕಕ್ಕೆ ಒಂದೆರಡು ಹನಿ ಅಸಿಟಿಕ್ ಆಮ್ಲ ಸೇರಿಸಿದರೆ ಚುಕ್ಕೆ ಒಟ್ಟುಗೂಡುತ್ತದೆ.

ಶಿಕ್ಷಕರ ಪಾಲಿನ ತಪ್ಪುಗಳು

ಇಳುವರಿಗೆ ಮಾತ್ರ ಅಂಕ ಕೊಟ್ಟರೆ ವಿದ್ಯಾರ್ಥಿ ದೋಷವನ್ನು ಬಚ್ಚಿಡುತ್ತಾನೆ. ಸೀಸೆಯಿಂದ ಒಂದು ಚಮಚ ಶುದ್ಧ ಬೆಂಜೋಯಿಕ್ ಆಮ್ಲ ಸದ್ದಿಲ್ಲದೆ ಫ್ಲಾಸ್ಕಿಗೆ ಬೀಳುತ್ತದೆ, ದ್ರವನ ಬಿಂದು ಪುಸ್ತಕದಲ್ಲಿರುವಂತೆಯೇ ಬರುತ್ತದೆ. ನಾನೀಗ ಎಷ್ಟು ಸಿಕ್ಕಿತು ಎಂಬುದಕ್ಕಿಂತ ಉಳಿದದ್ದು ಎಲ್ಲಿ ಹೋಯಿತು ಎಂದು ಬರೆದುದಕ್ಕೆ ಹೆಚ್ಚು ಅಂಕ ಇಡುತ್ತೇನೆ. ತರಗತಿಗೆ ಮುಂಚೆ ಬೈಕಾರ್ಬನೇಟ್ ಸೀಸೆಗೆ ಫೀನಾಲ್ಫ್ತಲೀನ್ ಪರೀಕ್ಷೆ, ಈಥರ್ ಡಬ್ಬಿ ಹಳೆಯದಾಗಿದ್ದರೆ ಪೊಟ್ಯಾಸಿಯಂ ಅಯೊಡೈಡ್ ಮತ್ತು ಗಂಜಿಯಿಂದ ಪೆರಾಕ್ಸೈಡ್ (ಹಳೆಯ ಈಥರಿನಲ್ಲಿ ಹುಟ್ಟುವ ಸ್ಫೋಟಕ ವಸ್ತು) ಪರೀಕ್ಷೆ, ಇವೆರಡನ್ನೂ ನಾನೇ ಮಾಡುತ್ತೇನೆ. ನೀಲಿ ಬಂದ ಡಬ್ಬಿ ಆ ದಿನ ಮೇಜಿಗೆ ಬರುವುದಿಲ್ಲ.

ಇದೇ ಪ್ರಯೋಗಕ್ಕೆ ನಾಲ್ಕನೆಯದಾಗಿ ಒಂದು ಪ್ರತ್ಯಾಮ್ಲ ಸೇರಿಸಿ, ಅದನ್ನು ಎಲ್ಲಕ್ಕೂ ಮೊದಲು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಿಂದ ಹೊರತೆಗೆಯಲು ಬಯಸುವವರು ಬಣ್ಣ ಕಾಣಲೆಂದು ಪ್ಯಾರಾ ನೈಟ್ರೋಅನಿಲೀನ್ ಆರಿಸಿಕೊಳ್ಳುವುದುಂಟು. ಆಗ ಬರುವ ದೂರು ‘ಎಷ್ಟು ಆಮ್ಲ ಹಾಕಿದರೂ ಹಳದಿ ಈಥರಿನಲ್ಲೇ ಇದೆ’ ಎಂಬುದು, ಮತ್ತು ವಿದ್ಯಾರ್ಥಿಯ ಕೈಚಳಕಕ್ಕೂ ಅದಕ್ಕೂ ಸಂಬಂಧವಿಲ್ಲ. ನೈಟ್ರೋ ಗುಂಪು ಅಮೈನಿನ ಎಲೆಕ್ಟ್ರಾನುಗಳನ್ನು ಎದುರು ತುದಿಯಿಂದ ಎಳೆದುಕೊಳ್ಳುವುದರಿಂದ ಅದರ ಸಂಯುಗ್ಮ ಆಮ್ಲದ (ಪ್ರೋಟಾನ್ ಸೇರಿಸಿಕೊಂಡ ರೂಪದ; ಇದರ ಪಿಕೆಎ ಕಡಿಮೆಯಾದಷ್ಟೂ ಪ್ರತ್ಯಾಮ್ಲ ದುರ್ಬಲ) ಪಿಕೆಎ ಕೇವಲ 1.0, ಅನಿಲೀನ್‌ನದು 4.6. ಮೆಟಾ ನೈಟ್ರೋಅನಿಲೀನ್‌ನದು 2.5, ಅದು ಎರಡು ಮೋಲಾರ್ ಆಮ್ಲಕ್ಕೆ ಸುಲಭವಾಗಿ ಮಣಿಯುತ್ತದೆ, ಬಣ್ಣವೂ ಹಳದಿಯೇ. ಪ್ಯಾರಾವನ್ನೇ ಇಟ್ಟುಕೊಳ್ಳಬೇಕೆಂದರೆ ಆರು ಮೋಲಾರ್ ಆಮ್ಲವನ್ನು ತಣಿಸಿ, ಮೂರು ನಾಲ್ಕು ಸಲ ಬಳಸಬೇಕು, ಮತ್ತು ಆ ಹೊತ್ತಿನಲ್ಲಿ ಈಥರಿನ ಹಳದಿ ಪ್ರತಿ ಸಲವೂ ಎಷ್ಟು ತೆಳುವಾಯಿತು ಎಂದು ಬಿಳಿ ಕಾಗದದ ಮುಂದೆ ಹಿಡಿದು ನೋಡಲು ಹೇಳಬೇಕು.